‘ಠಕ್ಕ’ ಶಬ್ದವೂ ಅದರ ನೆರೆಹೊರೆಯೂ

ಕನ್ನಡ ಮಾತಾಡುವ ಮನೆಗಳಲ್ಲಿ ‘ಠಕ್ಕ’ ಎಂಬ ಮಾತನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಅಜ್ಜಿಯ ಕತೆಯಲ್ಲಿ ನರಿಯು ಠಕ್ಕನರಿ. ತೂಕದಲ್ಲಿ ಕೈಚಳಕ ತೋರುವ ಅಂಗಡಿಯವನು ಠಕ್ಕ. ಪಾಠವೆಲ್ಲ ಓದಿ ಮುಗಿಯಿತೆಂದು ಹೇಳಿ ಆಟಕ್ಕೆ ಓಡಿದ ಹುಡುಗನೂ, ಸಲಿಗೆಯ ಮಾತಿನಲ್ಲಿ, ಠಕ್ಕನೇ. ಸಭೆಯ ಭಾಷಣದಲ್ಲಿ ಈ ಮಾತಿಗೆ ಮಣೆಯಿಲ್ಲ. ಹಾಗೆಂದು ಕಿವಿ ಮುಚ್ಚಿಕೊಳ್ಳಬೇಕಾದ ಬೈಗುಳವೂ ಇದಲ್ಲ. ಬೀದಿಗೂ ಮನೆಗೂ ನಡುವೆ ಹೊಸ್ತಿಲ ಮೇಲೆ ಕುಳಿತಿರುವ ಮಾತಿದು. ಇಂತಹ ಬಡ ಶಬ್ದವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ರಾಜಶಾಸನದೊಳಗೆ ಪ್ರವೇಶಿಸಿ, ಸಾವಿರಾರು ಜನರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ನಿರ್ಣಯಿಸಿತು. ಕಡಲು ದಾಟಿ ಪರದೇಶದ ನಿಘಂಟುಗಳಲ್ಲಿ ನೆಲಸಿತು. ಕೊನೆಗೆ ಗುರುತು ಸಿಗದ ವೇಷದಲ್ಲಿ ಹುಟ್ಟಿದ ನಾಡಿಗೆ ಹಿಂದಿರುಗಿತು. ಒಂದು ಶಬ್ದದ ಅರ್ಥವನ್ನು ಗೊತ್ತುಪಡಿಸುವವರು ಯಾರು, ಹಾಗೆ ಗೊತ್ತುಪಡಿಸದೆ ಬಿಟ್ಟರೆ ನಷ್ಟಪಡುವವರು ಯಾರು ಎಂಬ ಪ್ರಶ್ನೆಗೆ ಈ ಶಬ್ದದ ಚರಿತ್ರೆಯಲ್ಲಿ ಒಳ್ಳೆಯ ಉತ್ತರ ದೊರೆಯುವುದು.

ಮೊದಲು ಶಬ್ದದ ಹುಟ್ಟನ್ನು ವಿಚಾರಿಸಬೇಕು. ಸಂಸ್ಕೃತದಲ್ಲಿ ‘ಸ್ಥಗ್’ ಎಂಬ ಧಾತುವಿಗೆ ಮುಚ್ಚು, ಮರೆಮಾಡು ಎಂದು ಅರ್ಥ. ಅದರಿಂದ ಹುಟ್ಟಿದ ‘ಸ್ಥಗ’ನೆಂದರೆ ತನ್ನ ಮನಸ್ಸನ್ನು ಮುಚ್ಚಿಟ್ಟುಕೊಂಡು ನಡೆಯುವವನು, ಅರ್ಥಾತ್ ವಂಚಕನು. ಪಾಲಿ ಭಾಷೆಯಲ್ಲಿ ‘ಥಕೇತಿ’ ಎಂದರೆ ಮುಚ್ಚುತ್ತಾನೆ ಎಂದೇ ಅರ್ಥವಿದೆ. ಸಂಸ್ಕೃತದ ‘ಸ್ಥ’ಕಾರವು ಪ್ರಾಕೃತದಲ್ಲಿ ‘ಠ’ಕಾರವಾಗುವುದು ವಿಶೇಷವೇನೂ ಅಲ್ಲ, ‘ಸ್ಥಾನ’ವು ‘ಠಾಣ’ವಾಗಿ, ಕನ್ನಡದಲ್ಲಿ ‘ಠಾಣೆ’ಯೆನಿಸಿದುದು ಎಲ್ಲರಿಗೂ ತಿಳಿದಿದೆ. ಅದೇ ದಾರಿಯಲ್ಲಿ ‘ಸ್ಥಗ’ವು ‘ಠಗ’ವಾಯಿತು, ಹಿಂದಿಯಲ್ಲಿ ‘ಠಗ್’, ಮರಾಠಿಯಲ್ಲಿ ‘ಠಗ’, ‘ಠಕ’, ಕನ್ನಡದಲ್ಲಿ ‘ಠಕ್ಕ’ ಎಂಬ ರೂಪಗಳು ಬಳಕೆಗೆ ಬಂದುವು. ಠಕ್ಕನೂ ಅವನನ್ನು ಹಿಡಿದು ಕೂರಿಸುವ ಠಾಣೆಯೂ ಒಂದೇ ಧ್ವನಿನಿಯಮದ ಮಕ್ಕಳೆಂಬುದು ವಿನೋದದ ಸಂಗತಿ.

ಇದಕ್ಕಿಂತಲೂ ಆಶ್ಚರ್ಯವಾದ ನಂಟೊಂದು ಉಂಟು. ಸಭೆ ಮುಂದಕ್ಕೆ ಹೋಯಿತೆಂದೋ, ಕೆಲಸ ನಿಂತಿತೆಂದೋ ತಿಳಿಸುವಾಗ ವರ್ತಮಾನಪತ್ರಗಳು ಬಳಸುವ ‘ಸ್ಥಗಿತ’ವೆಂಬ ಗೌರವದ ಶಬ್ದವು ಇದೇ ಧಾತುವಿನಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ಮುಚ್ಚಲ್ಪಟ್ಟದ್ದು ಎಂಬುದೇ ಅರ್ಥ. ಮುಚ್ಚಿದುದು ನಿಂತುಹೋಗುವುದಾದ್ದರಿಂದ ‘ನಿಂತದ್ದು’ ಎಂಬ ಅರ್ಥ ಬಳಿಕ ಬೆಳೆಯಿತು. ಹೀಗೆ ಕಚೇರಿಯ ‘ಸ್ಥಗಿತ’ವೂ ಸಂತೆಯ ‘ಠಕ್ಕ’ನೂ ದಾಯಾದಿಗಳು. ಒಬ್ಬನು ಪಂಡಿತರ ಮನೆಯಲ್ಲಿ ಬೆಳೆದನು, ಇನ್ನೊಬ್ಬನು ಬೀದಿಯಲ್ಲಿ ಬೆಳೆದನು, ಅಷ್ಟೇ ಭೇದ. ಉತ್ತರದಲ್ಲಿ ಕಬೀರನು ಮಾಯೆಯನ್ನು ಠಗಿನಿಯೆಂದು ಕರೆದಿರುವನೆಂದು ಪ್ರಸಿದ್ಧಿಯಿದೆ. ವೇದಾಂತಿಗಳು ಮಾಯೆಗೆ ಆವರಣಶಕ್ತಿಯನ್ನು ಹೇಳಿರುವುದನ್ನು ನೆನೆದರೆ, ಮುಚ್ಚುವವಳು ಎಂಬ ಮೂಲಾರ್ಥವು ಆ ಮಾತಿನಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆಯೆಂಬುದು ತಿಳಿಯುವುದು.

ಈ ಧಾತುವಿನ ಬಂಧುಬಳಗವು ಯುರೋಪಿನಲ್ಲಿಯೂ ಇದೆಯೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಲ್ಯಾಟಿನ್ ಭಾಷೆಯ ‘ತೆಗೆರೆ’ ಎಂದರೆ ಮುಚ್ಚುವುದು. ರೋಮನರು ಮೈಮುಚ್ಚಲು ಹೊದೆಯುತ್ತಿದ್ದ ‘ತೋಗಾ’ ಎಂಬ ಬಟ್ಟೆಯ ಹೆಸರೂ, ಹುಲ್ಲು ಹೊದಿಸಿದ ಮಾಡಿಗೆ ಇಂಗ್ಲಿಷಿನಲ್ಲಿರುವ ‘ಥ್ಯಾಚ್’ ಎಂಬ ಹೆಸರೂ ಅದರ ಸಂಬಂಧಿಗಳು. ಆ ಲ್ಯಾಟಿನ್ ಪದಕ್ಕೆ ‘ದೆ’ ಎಂಬ ಉಪಸರ್ಗ ಸೇರಿದರೆ ಮುಚ್ಚಿದುದನ್ನು ತೆರೆಯುವುದು ಎಂದಾಗುತ್ತದೆ. ಪತ್ತೇದಾರನಿಗಿರುವ ‘ಡಿಟೆಕ್ಟಿವ್’ ಎಂಬ ಹೆಸರು ಅದರಿಂದಲೇ ಬಂದಿತು. ಮುಚ್ಚುವವನು ಠಕ್ಕನು, ಆ ಮುಚ್ಚಳವನ್ನು ತೆರೆಯುವವನು ಪತ್ತೇದಾರನು. ಮೂಲದಲ್ಲಿ ಇಬ್ಬರ ಹೆಸರೂ ಒಂದೇ ಬೇರಿನದು.

ಕನ್ನಡದಲ್ಲಿ ಈ ಶಬ್ದವು ಹಳೆಯ ಕಾಲದಿಂದಲೂ ಬೇರೂರಿದೆ. ‘ಠಕ್ಕ’, ‘ಠಕ್ಕು’, ‘ಠಕ್ಕತನ’, ‘ಠಕ್ಕಿಸು’ ಎಂದು ಅದು ಕವಲೊಡೆದಿದೆ. ‘ಠಕ್ಕು ಠೌಳಿ’ ಎಂಬ ಜೋಡಿಮಾತು ಕಪಟಭಕ್ತಿಯನ್ನು ಹಳಿಯುವಲ್ಲಿ ಬರುವುದು. ಆಡುಮಾತಿನಲ್ಲಿ ಮಹಾಪ್ರಾಣವು ಸಡಿಲವಾಗುವುದರಿಂದ ‘ಟಕ್ಕ’, ‘ಟಕ್ಕು’ ಎಂಬ ರೂಪಗಳೂ ಇವೆ. ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಇವು ಮೋಸ, ಮೋಸಗಾರ ಎಂಬ ಅರ್ಥದಲ್ಲಿಯೇ ದಾಖಲಾಗಿರುವುವು. ಇಲ್ಲಿ ಗಮನಿಸತಕ್ಕ ಅಂಶವಾವುದೆಂದರೆ, ಕನ್ನಡದ ಠಕ್ಕನು ಬಾಯಿಮಾತಿನಿಂದ ಗೆಲ್ಲುವವನು. ಅವನ ಕೈಯಲ್ಲಿ ಕತ್ತಿಯಿಲ್ಲ, ಹಗ್ಗವಿಲ್ಲ. ಕೊಲೆಯೆಂಬ ಅರ್ಥವು ಈ ಶಬ್ದಕ್ಕೆ ಕನ್ನಡದಲ್ಲಿ ಎಂದೂ ಅಂಟಲಿಲ್ಲ.

ಇನ್ನು ಈ ಶಬ್ದದ ನೆರೆಹೊರೆಯನ್ನು, ಎಂದರೆ ಕಿವಿಗೆ ಇದರಂತೆಯೇ ಕೇಳುವ ಇತರ ಶಬ್ದಗಳನ್ನು ನೋಡಬೇಕು. ಎಲ್ಲಕ್ಕಿಂತ ಹತ್ತಿರದ ನೆರೆಯವನು ‘ತಕ್ಕ’. ಇದು ‘ತಗು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದುದು. ಯೋಗ್ಯ, ಉಚಿತ ಎಂದು ಇದರ ಅರ್ಥ. ಕೊಡಗಿನಲ್ಲಿ ‘ತಕ್ಕ’ನೆಂದರೆ ಊರಿನ ಅಥವಾ ನಾಡಿನ ಹಿರಿಯ, ಊರುತಕ್ಕ, ನಾಡುತಕ್ಕ, ದೇಶತಕ್ಕ ಎಂದು ಪರಂಪರೆಯಾಗಿ ಬಂದ ಸ್ಥಾನಗಳಿವೆ. ದೇವಸ್ಥಾನದ ಹಬ್ಬಹುಣ್ಣಿಮೆಗಳಲ್ಲಿಯೂ ಊರಿನ ನ್ಯಾಯತೀರ್ಮಾನದಲ್ಲಿಯೂ ಮುಂದೆ ನಿಲ್ಲುವವನು ಅವನೇ. ಅರ್ಹನಾದವನು ಎಂಬ ಅರ್ಥವೇ ಈ ಬಿರುದಿನ ಹಿಂದಿರುವಂತೆ ತೋರುತ್ತದೆ. ಕನ್ನಡ ಲಿಪಿಯಲ್ಲಿ ತಕಾರಕ್ಕೂ ಠಕಾರಕ್ಕೂ ಗೊಂದಲವಿಲ್ಲ. ಆದರೆ ಆಂಗ್ಲ ಲಿಪಿಯಲ್ಲಿ ಟಿ, ಎಚ್ ಎಂಬ ಎರಡು ಅಕ್ಷರಗಳೇ ಎರಡಕ್ಕೂ ಗತಿಯಾದುದರಿಂದ, ಊರಿನ ಮಾನ್ಯ ಹಿರಿಯನೂ ಸಂತೆಯ ಮೋಸಗಾರನೂ ಕಾಗದದ ಮೇಲೆ ಒಂದೇ ಕಾಗುಣಿತದವರಾಗಿಬಿಡುವರು.

ಎರಡನೆಯ ನೆರೆಯವನು ‘ಠಕ್ಕುರ’. ದೇವರು, ಒಡೆಯ ಎಂಬ ಅರ್ಥದ ಈ ಶಬ್ದವು ಉತ್ತರದಲ್ಲಿ ‘ಠಾಕುರ್’ ಆಯಿತು. ವಂಗದೇಶದ ಮಹಾಕವಿ ರವೀಂದ್ರರ ಮನೆತನದ ಹೆಸರಾಗಿ ನಿಂತು, ಆಂಗ್ಲರ ಬಾಯಲ್ಲಿ ‘ಟಾಗೋರ್’ ಎಂದು ಬದಲಾಯಿತು. ಗುಜರಾತಿನಲ್ಲಿ ‘ಠಕ್ಕರ್’ ಎಂಬ ಮನೆತನದ ಹೆಸರಿದೆ. ಹರಿಜನರ ಮತ್ತು ಗಿರಿಜನರ ಸೇವೆಗಾಗಿ ಆಯುಷ್ಯವನ್ನೇ ಸವೆಸಿದ ಅಮೃತಲಾಲ್ ಠಕ್ಕರ್ ಅವರನ್ನು (೧೮೬೯–೧೯೫೧) ದೇಶವೆಲ್ಲ ‘ಠಕ್ಕರ್ ಬಾಪಾ’ ಎಂದು ಭಕ್ತಿಯಿಂದ ಕರೆಯಿತು. ಕನ್ನಡದ ಕಿವಿಗೆ ಆ ಹೆಸರು ‘ಠಕ್ಕರು’ ಎಂಬ ಬಹುವಚನದಂತೆ ಕೇಳುವುದು. ಆದರೆ ಆ ಪುಣ್ಯಪುರುಷರಿಗೂ ಆ ಅರ್ಥಕ್ಕೂ ಇರುವ ದೂರವು ಭೂಮಿಗೂ ಆಕಾಶಕ್ಕೂ ಇರುವ ದೂರ.

ಇವರಲ್ಲದೆ ಇನ್ನೂ ಹಲವರು ನೆರೆಯವರಿರುವರು. ‘ಟಕ್ಕ’ವೆಂದರೆ ಪ್ರಾಚೀನ ಕಾಲದಲ್ಲಿ ಪಂಜಾಬಿನ ಕಡೆಯ ಒಂದು ದೇಶ, ಕಾಶ್ಮೀರದ ಚರಿತ್ರೆಯಾದ ರಾಜತರಂಗಿಣಿಯಲ್ಲಿ ಅದರ ಹೆಸರು ಬರುವುದು. ಮತಂಗನ ಬೃಹದ್ದೇಶಿಯಲ್ಲಿ ‘ಟಕ್ಕ’ವೆಂಬುದು ಒಂದು ರಾಗದ ಹೆಸರು. ‘ಢಕ್ಕೆ’ಯೆಂದರೆ ಒಂದು ವಾದ್ಯ, ‘ಧಕ್ಕೆ’ಯೆಂದರೆ ಹಾನಿ, ‘ದಕ್ಕೆ’ಯೆಂದರೆ ಮಂಗಳೂರಿನಲ್ಲಿ ದೋಣಿಗಳು ಬಂದು ನಿಲ್ಲುವ ಕಟ್ಟೆ, ‘ದಕ್ಕು’ ಎಂದರೆ ಕೈಸೇರು, ‘ಟಕ್ಕರ್’ ಎಂದರೆ ಡಿಕ್ಕಿ. ಇವುಗಳಲ್ಲಿ ಒಂದಕ್ಕೂ ಠಕ್ಕನೊಡನೆ ರಕ್ತಸಂಬಂಧವಿಲ್ಲ. ಇದರಿಂದ ತಿಳಿಯುವುದೇನೆಂದರೆ, ಕಿವಿಗೆ ಒಂದೇ ಎಂದು ತೋರುವ ಶಬ್ದಗಳು ಪರಕೀಯವಾಗಿರಬಹುದು. ‘ಸ್ಥಗಿತ’ದಂತೆ ಕಿವಿಗೆ ದೂರವೆಂದು ತೋರುವುವು ಒಂದೇ ಗರ್ಭದವಾಗಿರಬಹುದು. ತೋರಿಕೆಯ ಹೋಲಿಕೆಯನ್ನು ಸಂಬಂಧವೆಂದು ಹಿಡಿಯುವುದು ಶಬ್ದವಿಚಾರದಲ್ಲಿ ದೊಡ್ಡ ದೋಷ. ಶಬ್ದದ ವಿಷಯದಲ್ಲಿ ಈ ದೋಷವಾದರೆ ಪಂಡಿತರು ನಕ್ಕು ಸುಮ್ಮನಾಗುವರು. ಮನುಷ್ಯರ ವಿಷಯದಲ್ಲಿ ಇದೇ ದೋಷವಾದರೆ ಏನಾಗುವುದೆಂಬುದನ್ನು ಮುಂದಿನ ಚರಿತ್ರೆ ತೋರಿಸುವುದು.

ದಾರಿಹೋಕರನ್ನು ನಂಬಿಸಿ ಜೊತೆಗೂಡಿ, ಹೊತ್ತು ನೋಡಿ ಕುತ್ತಿಗೆಗೆ ಬಟ್ಟೆಯ ಉರುಳು ಬಿಗಿದು ಕೊಂದು ದೋಚುವ ತಂಡಗಳು ಭರತಖಂಡದ ಮಾರ್ಗಗಳಲ್ಲಿ ಇದ್ದುವೆಂಬುದು ನಿಸ್ಸಂಶಯ. ಹದಿನೇಳನೆಯ ಶತಮಾನದಲ್ಲಿ ಪ್ರವಾಸ ಬಂದ ಫ್ರೆಂಚ್ ಯಾತ್ರಿಕ ತೆವೆನೊ ಎಂಬವನು ದಿಲ್ಲಿ–ಆಗ್ರಾ ಮಾರ್ಗದಲ್ಲಿದ್ದ ಇಂತಹ ಉರುಳುಗಳ್ಳರನ್ನು ವರ್ಣಿಸಿರುವನು; ಆದರೆ ಅವರನ್ನು ಠಗರೆಂದು ಹೆಸರಿಸಿಲ್ಲ. ಇತ್ತ, ‘ಠಗ’ರೆಂಬ ಹೆಸರು ಅದಕ್ಕೆ ಮೊದಲೇ ಚರಿತ್ರೆಯಲ್ಲಿ ಕಾಣುವುದು: ಸುಲ್ತಾನ ಜಲಾಲುದ್ದೀನ್ ಖಿಲ್ಜಿಯು ೧೨೯೦ರ ಸುಮಾರಿಗೆ ದಿಲ್ಲಿಯಲ್ಲಿ ಸೆರೆಸಿಕ್ಕ ಸಾವಿರದಷ್ಟು ಠಗರನ್ನು ಕೊಲ್ಲಿಸದೆ ದೋಣಿಗಳಲ್ಲಿ ತುಂಬಿಸಿ ವಂಗದ ಕಡೆಗೆ ಕಳುಹಿಸಿಬಿಟ್ಟನೆಂದು ಜಿಯಾಉದ್ದೀನ್ ಬರನಿಯು ಬರೆದಿರುವನು. ಅವರು ಕೊಲೆಗಾರರೆಂಬುದಕ್ಕೆ ಆ ಬರಹದಲ್ಲಿ ಆಧಾರವಿಲ್ಲ. ಎಂದಮೇಲೆ ಉರುಳು ಹಾಕುವವರಿದ್ದಲ್ಲಿ ಹೆಸರಿಲ್ಲ, ಹೆಸರಿದ್ದಲ್ಲಿ ಉರುಳಿಲ್ಲ. ವಸ್ತುವೂ ಹೆಸರೂ ಶತಮಾನಗಳವರೆಗೆ ಬೇರೆಬೇರೆಯಾಗಿಯೇ ನಡೆದುಬಂದುವು.

ಅವೆರಡನ್ನು ಒಂದುಗೂಡಿಸಿದ ಕತೆಗೆ ಆರಂಭವು ಕನ್ನಡ ನಾಡಿನಲ್ಲಿಯೇ ಆಯಿತೆಂಬುದನ್ನು ಬಲ್ಲವರು ಕಡಿಮೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಸ್ವಲ್ಪ ಕಾಲದಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಉರುಳುಗಾರರು ಸೆರೆಸಿಕ್ಕರು. ಇಂತಹವರು ಇರುವರೆಂದು ಆಂಗ್ಲೇಯರಿಗೆ ತಿಳಿದುದು ಅದೇ ಮೊದಲೆಂದು ಮದರಾಸಿನ ವೈದ್ಯನಾಗಿದ್ದ ಷರ್‌ವುಡ್ ಎಂಬವನು ೧೮೧೬ರಲ್ಲಿ ಬರೆದ ಲೇಖನದಲ್ಲಿ ಹೇಳಿರುವನು. ೧೮೨೦ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಮತ್ತೆ ಅಚ್ಚಾದ ಆ ಲೇಖನದಲ್ಲಿ ಅವರಿಗೆ ಕೊಟ್ಟಿರುವ ಹೆಸರು ಠಗರೆಂದಲ್ಲ, ‘ಫಾಂಸಿಗಾರ’ರೆಂದು. ‘ಫಾಂಸಿ’ಯೆಂದರೆ ಉರುಳು, ಸಂಸ್ಕೃತದ ‘ಪಾಶ’ವೇ ಅದರ ಮೂಲ. ಕೊನೆಯ ‘ಗಾರ’ವು ಫಾರಸಿಯ ಪ್ರತ್ಯಯ, ಆದರೂ ಬಳೆಗಾರ, ಮಾಲೆಗಾರ ಎಂದು ಹೇಳಿ ರೂಢಿಯಿರುವ ಕನ್ನಡಿಗನಿಗೆ ಅದು ಸ್ವಂತದ್ದೆಂದೇ ತೋರುವುದು. ಇದೂ ಒಂದು ಧ್ವನಿಸಾಮ್ಯದ ಮೋಸವೇ. ಕನ್ನಡಿಗರು ಅವರನ್ನು ‘ತಂತಿ ಕಳ್ಳರು’ ಎಂದು ಕರೆಯುತ್ತಿದ್ದರೆಂದು ಷರ್‌ವುಡ್ ಬರೆದಿರುವನು. ನರದ ತಂತಿಯನ್ನು ಉರುಳಾಗಿ ಬಳಸುವ ಕಳ್ಳರು ಎಂದು ಅದರ ತಾತ್ಪರ್ಯ. ಇಂದು ಆ ಮಾತನ್ನು ಆಡಿದರೆ, ಕಂಬದ ವಿದ್ಯುತ್ತಂತಿಯನ್ನು ಕತ್ತರಿಸಿ ಮಾರುವವರೆಂದೇ ಕೇಳಿದವರು ತಿಳಿಯುವರು. ತಮಿಳು, ತೆಲುಗುಗಳಲ್ಲಿಯೂ ಉರುಳನ್ನೇ ಸೂಚಿಸುವ ಹೆಸರುಗಳಿದ್ದುವು. ದಕ್ಷಿಣದ ಜನರು ಹೀಗೆ ಕೃತ್ಯವನ್ನು ನೋಡಿ ಹೆಸರಿಟ್ಟರು. ಉತ್ತರದಲ್ಲಿ ಮಾತ್ರ ಇವರಿಗೆ ವಂಚಕರೆಂಬ ಅರ್ಥದ ಹೆಸರಿದೆಯೆಂದು ಅದೇ ಲೇಖನದಲ್ಲಿ ಒಂದು ಮಾತು ಬಂದಿದೆ. ಆ ಉತ್ತರದ ಹೆಸರೇ ಮುಂದೆ ಎಲ್ಲವನ್ನೂ ನುಂಗಿತು.

ಅದಕ್ಕೆ ಕಾರಣನಾದವನು ಮಧ್ಯಹಿಂದುಸ್ಥಾನದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸ್ಲೀಮನ್. ಸೆರೆಸಿಕ್ಕವರಲ್ಲಿ ಕೆಲವರಿಗೆ ಪ್ರಾಣಭಿಕ್ಷೆಯ ಆಶ್ವಾಸನವಿತ್ತು, ಅವರ ಸಾಕ್ಷ್ಯದಿಂದ ಉಳಿದವರನ್ನು ಹಿಡಿಯುವುದು ಅವನ ಕ್ರಮ. ಆ ಮಾಫಿಸಾಕ್ಷಿಗಳ ಬಾಯಿಂದ ಅವರ ಗುಪ್ತಭಾಷೆಯನ್ನು ಸಂಗ್ರಹಿಸಿ ೧೮೩೬ರಲ್ಲಿ ಕಲಕತ್ತೆಯಲ್ಲಿ ‘ರಾಮಾಸಿಯಾನಾ’ ಎಂಬ ಪುಸ್ತಕವನ್ನು ಅಚ್ಚುಹಾಕಿಸಿದನು. ಶಬ್ದಜಿಜ್ಞಾಸುಗಳಿಗೆ ಅದೊಂದು ವಿಚಿತ್ರ ಭಂಡಾರ. ಕೊಲ್ಲಬೇಕೆಂದು ಗುರಿಯಿಟ್ಟ ಪ್ರಯಾಣಿಕನಿಗೆ ಅವರು ‘ಬನಿಜ್’ ಎನ್ನುತ್ತಿದ್ದರು, ಎಂದರೆ ವ್ಯಾಪಾರದ ಸರಕು. ಕನ್ನಡದ ‘ಬಣಂಜು’, ‘ಬಣಜಿಗ’ ಎಂಬ ಮರ್ಯಾದೆಯ ಶಬ್ದಗಳೂ ಆ ಮೂಲದವೇ. ಹೊಗೆಸೊಪ್ಪು ತಿನ್ನಿರೆಂಬ ಸಾಧಾರಣ ಮಾತೇ ಉರುಳು ಬಿಗಿಯಲು ಸಂಜ್ಞೆ. ಇವುಗಳಿಗಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಆ ಭಾಷೆಯಲ್ಲಿ ಅವರು ತಮ್ಮವರಿಗೆ ಇಟ್ಟುಕೊಂಡ ಹೆಸರು ‘ಔಲಾ’ ಅಥವಾ ‘ಬೋರಾ’, ಹೊರಗಿನವರಿಗೆ ‘ಬೀಟೂ’. ‘ಠಗ’ನೆಂಬುದು ಅವರ ಒಳಮಾತಲ್ಲ. ದಾರಿಯಲ್ಲಿ ಕಂಡ ಅಪರಿಚಿತನು ತಮ್ಮವನೋ ಅಲ್ಲವೋ ಎಂದು ಅರಿಯಬೇಕಾದರೆ ‘ಔಲೇ ಖಾನ್ ಸಲಾಂ’ ಎಂದು ವಂದಿಸುತ್ತಿದ್ದರು. ಕೇಳಿದವನ ಕಿವಿಗೆ ಅದು ‘ಅಲಿ ಖಾನ್’ ಎಂಬ ಹೆಸರಿನಂತೆ ಬೀಳುವುದು. ಸೇರಿದವನಿಗೆ ಮಾತ್ರ ಒಳಗುಟ್ಟು ತಿಳಿಯುವುದು. ಧ್ವನಿಸಾಮ್ಯವನ್ನೇ ಹೊದಿಕೆಯಾಗಿ ಹೊದ್ದುಕೊಂಡ ಈ ಚಾತುರ್ಯವು ‘ಸ್ಥಗ’ ಶಬ್ದದ ಮೂಲಾರ್ಥಕ್ಕೆ ಒಳ್ಳೆಯ ಉದಾಹರಣೆ.

ಸ್ಲೀಮನನ ಪುಸ್ತಕವು ಪ್ರಕಟವಾದ ಅದೇ ೧೮೩೬ರಲ್ಲಿ ಕುಂಪಣಿ ಸರಕಾರವು ಮೂವತ್ತನೆಯ ಶಾಸನವನ್ನು ಮಾಡಿತು. ಕುಂಪಣಿಯ ರಾಜ್ಯದ ಒಳಗಾಗಲಿ ಹೊರಗಾಗಲಿ, ಶಾಸನಕ್ಕೆ ಮೊದಲಾಗಲಿ ಅನಂತರವಾಗಲಿ, ಠಗರ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದವನಿಗೆ ಜೀವಾವಧಿ ಕಠಿನ ಸೆರೆ. ಇಷ್ಟೇ ಅದರ ಸಾರ. ಇಂತಹ ದಿನ, ಇಂತಹ ಸ್ಥಳದಲ್ಲಿ, ಇಂತಹವನನ್ನು ಕೊಂದನೆಂದು ತೋರಿಸಬೇಕಾದ ಅಗತ್ಯವಿರಲಿಲ್ಲ. ತಂಡದವನೆಂದು ತೋರಿಸಿದರೆ ಸಾಕಾಗಿತ್ತು. ಹೀಗಿರುವಲ್ಲಿ ಠಗನೆಂದರೆ ಯಾರು ಎಂಬ ಲಕ್ಷಣವನ್ನು ಶಾಸನವು ಹೇಳಬೇಕಾಗಿತ್ತಲ್ಲವೆ? ಅದನ್ನೇ ಹೇಳಲಿಲ್ಲ. ನರಿಗೂ ಅಂಗಡಿಯವನಿಗೂ ತುಂಟಹುಡುಗನಿಗೂ ಸಲ್ಲುತ್ತಿದ್ದ ಬೀದಿಯ ಮಾತೊಂದು ಅರ್ಥವಿವರಣೆಯಿಲ್ಲದೆ ಶಾಸನವಾಯಿತು. ಆ ಶೂನ್ಯವನ್ನು ತುಂಬಿದವರು ಯಾರೆಂದರೆ, ಮತ್ತೊಬ್ಬನನ್ನು ತೋರಿಸಿಕೊಟ್ಟರೆ ತನ್ನ ಕುತ್ತಿಗೆ ಉಳಿಯುವುದೆಂದು ಬಲ್ಲ ಮಾಫಿಸಾಕ್ಷಿ. ಮತ್ತು ಅವನನ್ನು ನಂಬುವ ಅಧಿಕಾರಿ.

೧೮೩೧ರಿಂದ ೧೮೩೭ರವರೆಗಿನ ಏಳು ವರ್ಷಗಳಲ್ಲಿ ಠಗರೆಂದು ವಿಚಾರಣೆಗೊಳಪಟ್ಟು ಇತ್ಯರ್ಥವಾದವರ ಸಂಖ್ಯೆ ೩,೨೬೬ ಎಂದು ಆ ಕಾಲದ ಲೆಕ್ಕವಿದೆ. ಅವರಲ್ಲಿ ೪೧೨ ಮಂದಿಯನ್ನು ಗಲ್ಲಿಗೇರಿಸಿದರು; ೪೮೩ ಮಂದಿ ಮಾಫಿಸಾಕ್ಷಿಗಳಾದರು; ಉಳಿದವರಲ್ಲಿ ಬಹುಭಾಗಕ್ಕೆ ದ್ವೀಪಾಂತರವೋ ಸೆರೆಯೋ ದೊರೆಯಿತು. ಉರುಳು ಹಾಕಿದವರಿಗೂ ಉರುಳೇ ಶಿಕ್ಷೆಯಾಯಿತು; ಉತ್ತರ ಕರ್ನಾಟಕದಲ್ಲಿ ಗಲ್ಲಿಗೆ ಇರುವ ‘ಫಾಸಿ’ ಎಂಬ ಹೆಸರು ಫಾಂಸಿಗಾರನ ‘ಫಾಂಸಿ’ಯೇ. ಆ ಸಂಖ್ಯೆಯಲ್ಲಿ ನಿಜವಾದ ಕೊಲೆಪಾತಕಿಗಳು ಇದ್ದರೆಂಬುದರಲ್ಲಿ ಸಂಶಯವಿಲ್ಲ. ಬಾವಿಗಳಿಂದಲೂ ಗುಂಡಿಗಳಿಂದಲೂ ಹೆಣಗಳು ದೊರೆತುವು; ಮನೆಗೆ ಹಿಂದಿರುಗದ ಯಾತ್ರಿಕರ, ಸಿಪಾಯಿಗಳ, ಹಣ ಸಾಗಿಸುವವರ ಕುಟುಂಬಗಳ ಕಣ್ಣೀರು ಕಲ್ಪನೆಯದಲ್ಲ. ಆದರೆ ಕಾಲ ಕೆಟ್ಟು ದಾರಿಗಳವಿಗೆ ಇಳಿದ ನಿರುದ್ಯೋಗಿ ಸೈನಿಕನೂ, ಅಲೆಮಾರಿ ವ್ಯಾಪಾರಿಯೂ, ನೆರೆಯ ದ್ವೇಷಕ್ಕೆ ಸಿಕ್ಕಿದವನೂ ಅದೇ ಹೆಸರಿನ ಬಲೆಯಲ್ಲಿ ಬೀಳಲು ಅವಕಾಶವಿತ್ತೆಂಬುದೂ ಅಷ್ಟೇ ನಿಜ. ಈಚಿನ ಚರಿತ್ರಕಾರರಲ್ಲಿ ರಾಧಿಕಾ ಸಿಂಹಾ ಅವರು ಆ ಶಾಸನದ ಅಸ್ಪಷ್ಟತೆಯನ್ನು ವಿಮರ್ಶಿಸಿರುವರು. ಕಿಮ್ ವಾಗ್ನರ್ ಅವರು ೨೦೦೭ರ ತಮ್ಮ ಗ್ರಂಥದಲ್ಲಿ, ಠಗರು ಸಂಪೂರ್ಣ ಕಟ್ಟುಕತೆಯೂ ಅಲ್ಲ, ದೇಶವ್ಯಾಪಿಯಾದ ರಹಸ್ಯಮತದವರೂ ಅಲ್ಲ, ಕಾಲದೇಶಗಳ ಸ್ಥಿತಿಯಿಂದ ಹುಟ್ಟಿದ ದರೋಡೆಗಾರರೆಂದು ವಿವರಿಸಿರುವರು.

೧೮೬೦ರ ದಂಡಸಂಹಿತೆಯು ಕೊನೆಗೆ ೩೧೦ನೆಯ ಕಲಮಿನಲ್ಲಿ ಲಕ್ಷಣವನ್ನು ಬರೆಯಿತು: ಕೊಲೆಯನ್ನು ಮಾಡಿ ಅಥವಾ ಕೊಲೆಯೊಡನೆ ದರೋಡೆಯನ್ನಾಗಲಿ ಮಕ್ಕಳ ಕಳವನ್ನಾಗಲಿ ನಡೆಸುವ ಉದ್ದೇಶದಿಂದ ಇತರರೊಡನೆ ವಾಡಿಕೆಯಾಗಿ ಕೂಡಿರುವವನು ಠಗನು. ಶಬ್ದಕ್ಕೆ ಮೇರೆ ಹಾಕಿದುದು ಒಳ್ಳೆಯದಾಯಿತು. ಆದರೆ ಮೂಲಾರ್ಥವಾದ ವಂಚನೆಯು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲದಿರುವುದನ್ನು ಗಮನಿಸಬೇಕು. ಮೇರೆ ಹಾಕುವ ಹೊತ್ತಿಗೆ ಹೆಸರಿನಿಂದಲೇ ಅಪರಾಧವನ್ನು ಅಳೆಯುವ ಅಭ್ಯಾಸವು ಬೇರೂರಿಬಿಟ್ಟಿತ್ತು. ೧೮೭೧ರ ‘ಅಪರಾಧಿ ಬುಡಕಟ್ಟುಗಳ’ ಶಾಸನವು ಆ ಅಭ್ಯಾಸದ ಪರಾಕಾಷ್ಠೆ. ಅದರಂತೆ ಒಂದು ಜನಾಂಗದ ಹೆಸರನ್ನು ಪಟ್ಟಿಗೆ ಸೇರಿಸಿದರೆ, ಅದರಲ್ಲಿ ಹುಟ್ಟಿದವರು ಹುಟ್ಟಿದ ಮಾತ್ರಕ್ಕೆ ಪೊಲೀಸರ ದಾಖಲೆಗೆ ಸೇರಬೇಕಾಗಿತ್ತು. ಮುಂಬಯಿ ಪ್ರಾಂತದ ಆಳ್ವಿಕೆಯಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂತಹ ಜನರನ್ನಿಡಲು ಬೇಲಿಯೊಳಗಿನ ವಸತಿಗಳಾದುವು. ‘ಸೆಟ್ಲಮೆಂಟ್’ ಎಂಬ ಅವುಗಳ ಹೆಸರು ಹುಬ್ಬಳ್ಳಿಯಲ್ಲಿ ಬಡಾವಣೆಯ ಹೆಸರಾಗಿ ಉಳಿದುಕೊಂಡಿದೆ. ನೆಲಸುವುದು ಎಂಬ ಅರ್ಥದ ಶಬ್ದವೊಂದು ಸೆರೆಯ ಹೆಸರಾದುದು ಶಬ್ದಚರಿತ್ರೆಯ ಇನ್ನೊಂದು ದುಃಖದ ಪುಟ. ಆ ಶಾಸನವು ೧೯೫೨ರಲ್ಲಿ ರದ್ದಾಯಿತು. ಹೆಸರಿನ ಕಳಂಕವು ಮಾತ್ರ ಅಷ್ಟು ಬೇಗ ರದ್ದಾಗಲಿಲ್ಲ.

ಇಷ್ಟರಲ್ಲಿ ಶಬ್ದವು ಕಡಲು ದಾಟಿತ್ತು. ನಿಜಾಮನ ಸೇವೆಯಲ್ಲಿದ್ದು, ಮುಂದೆ ಕನ್ನಡ ನಾಡಿನ ಸುರಪುರದಲ್ಲಿ ಬಹುಕಾಲ ಅಧಿಕಾರ ನಡೆಸಿದ ಮೆಡೋಸ್ ಟೇಲರನು ೧೮೩೯ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದು ಆಂಗ್ಲರ ಮನೆಮನೆಗೂ ಈ ಹೆಸರನ್ನು ಮುಟ್ಟಿಸಿತು. ಆಂಗ್ಲರ ನಾಲಗೆಗೆ ಠಕಾರವಿಲ್ಲ. ಟಿ, ಎಚ್ ಎಂದು ಬರೆದುದನ್ನು ಅವರು ತಮ್ಮ ರೂಢಿಯಂತೆ ಓದಿದರು. ‘ಠಗ್’ ಹೋಗಿ ‘ಥಗ್’ ಆಯಿತು. ಉಚ್ಚಾರದೊಡನೆ ಅರ್ಥವೂ ಮಾರ್ಪಟ್ಟಿತು. ಗ್ಲಾಸ್ಗೋ ನಗರದ ನೂಲುವ ಕಾರ್ಮಿಕರ ಮುಖಂಡರ ಮೇಲೆ ೧೮೩೮ರಲ್ಲಿ ಹಿಂಸಾಚಾರದ ಮೊಕದ್ದಮೆ ನಡೆದಿತ್ತು. ಮರುವರ್ಷ ಥಾಮಸ್ ಕಾರ್ಲೈಲನು ‘ಚಾರ್ಟಿಸಂ’ ಎಂಬ ತನ್ನ ಪುಸ್ತಕದಲ್ಲಿ ಅಲ್ಲಿಯ ಗಲಭೆಗೆ ಠಗತನದ 
ಹೆಸರನ್ನೇ ಕೊಟ್ಟನು. ಹಿಂದುಸ್ಥಾನದ ದಾರಿಗಳ್ಳನ ಹೆಸರು ಹೀಗೆ ಕೆಲವೇ ವರ್ಷಗಳಲ್ಲಿ ಸ್ಕಾಟ್ಲಂಡಿನ ಕೂಲಿಕಾರನ ಮೇಲೆ ಬಿತ್ತು. ಕ್ರಮೇಣ ಆ ಭಾಷೆಯಲ್ಲಿ ಥಗ್ ಎಂದರೆ ಮುಚ್ಚುಮರೆಯಿಲ್ಲದೆ ಹೊಡೆದು ಬಡಿಯುವ ಒರಟ ಎಂದಾಯಿತು. ಮರೆಮಾಡುವವನೆಂಬ ಮೂಲಾರ್ಥವು ತಲೆಕೆಳಗಾಗಿ ನಿಂತಿತು.

ಅಮೆರಿಕೆಯಲ್ಲಿ ಶಬ್ದವು ಮತ್ತೊಂದು ತಿರುವನ್ನು ಪಡೆಯಿತು. ೧೯೯೦ರ ದಶಕದಲ್ಲಿ ಕಪ್ಪುವರ್ಣೀಯ ಗಾಯಕ ಟೂಪಾಕ್ ಶಕೂರನು ‘ಥಗ್ ಲೈಫ್’ ಎಂಬ ಮಾತನ್ನು ತನ್ನ ಬಿರುದಾಗಿ ಧರಿಸಿ, ಬೈಗುಳವನ್ನು ಬಡವರ ಛಲದ ಹೆಸರಾಗಿ ಮಾಡಿಕೊಂಡನು. ೨೦೧೫ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಗಲಭೆಯೆದ್ದಾಗ ಗಲಭೆಕೋರರನ್ನು ಅಧಿಕಾರಸ್ಥರು ‘ಥಗ್’ಗಳೆಂದು ಕರೆದರು. ಆ ಶಬ್ದದ ಮರೆಯಲ್ಲಿ ಒಂದು ವರ್ಣದವರೆಲ್ಲರ ನಿಂದೆ ಅಡಗಿದೆಯೆಂದು ಆಗ ಪ್ರಬಲವಾದ ಆಕ್ಷೇಪವೆದ್ದಿತು; ನಗರದ ಮೇಯರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಎಂದರೆ ೧೮೩೬ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ೧೭೯ ವರ್ಷಗಳ ಬಳಿಕ, ಬೇರೊಂದು ಖಂಡದಲ್ಲಿ, ಬೇರೆ ಜನರು ಕೇಳಿದರು: ಈ ಹೆಸರಿನಿಂದ ಕರೆಯುತ್ತಿರುವುದು ಯಾರನ್ನು, ಅವರು ಮಾಡಿದುದೇನು?

ಈಗ ಆ ಶಬ್ದವು ಚಲನಚಿತ್ರಗಳ ಹೆಸರುಗಳಲ್ಲಿಯೂ ಯುವಕರ ಪರಿಹಾಸದಲ್ಲಿಯೂ ಸವಾರಿ ಮಾಡುತ್ತ ಭರತಖಂಡಕ್ಕೆ ಹಿಂದಿರುಗಿದೆ. ಮಾತಿಗೆ ತಟ್ಟನೆ ಎದುರುಮಾತು ಕೊಟ್ಟು ಬಾಯಿಮುಚ್ಚಿಸಿದವನ ಜಾಣತನವನ್ನು ‘ಥಗ್ ಲೈಫ್’ ಎಂದು ಕನ್ನಡದ ತರುಣರೂ ಹೊಗಳುವರು. ಅದೇ ಮನೆಯ ಹಿರಿಯಳು ಅದೇ ಹುಡುಗನನ್ನು ‘ಎಲಾ ಠಕ್ಕ!’ ಎಂದು ಗದರಿಸಿ ನಗುವಳು. ಇಬ್ಬರೂ ಒಂದೇ ಶಬ್ದವನ್ನು, ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಆಡುತ್ತಿರುವರೆಂಬುದು ಇಬ್ಬರಿಗೂ ತಿಳಿಯದು. ಠಕಾರವನ್ನು ಕಳೆದುಕೊಂಡು ಬಂದುದರಿಂದ ಮನೆಯ ಮಗನೇ ಪರದೇಶಿಯಂತೆ ಕಾಣುವನು.

೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿತು. ಹಳೆಯ ಸಂಹಿತೆಯ ೩೧೦, ೩೧೧ನೆಯ ಕಲಮುಗಳಿಗೆ ಅದರಲ್ಲಿ ಸ್ಥಾನವನ್ನು ಕೊಟ್ಟಿಲ್ಲ. ಕೊಲೆಗೂ ದರೋಡೆಗೂ ಅವುಗಳ ಹೆಸರಿನಿಂದಲೇ ಶಿಕ್ಷೆಯಿರುವಾಗ ‘ಠಗ’ನೆಂಬ ಪ್ರತ್ಯೇಕ ಹೆಸರು ಬೇಕಾಗಲಿಲ್ಲ. ೧೮೩೬ರಿಂದ ೧೮೮ ವರ್ಷಗಳ ಕಾಲ ಶಾಸನದ ಸೇವೆಮಾಡಿದ ಶಬ್ದವು ಹೀಗೆ ನಿವೃತ್ತಿಯನ್ನು ಪಡೆದು ಅಜ್ಜಿಯ ಕತೆಗೂ ನರಿಯ ಜೊತೆಗೂ ಮರಳಿತು. ಅದು ಅಲ್ಲಿ ಸುಖವಾಗಿರಲಿ. ಬೀದಿಯ ಮಾತು ಬೀದಿಯಲ್ಲಿರುವವರೆಗೆ ಅದರ ಅರ್ಥವು ಹತ್ತು ಕವಲಾದರೂ ಯಾರಿಗೂ ಕೇಡಿಲ್ಲ. ಆಡುವವನ ಮುಖವನ್ನು ನೋಡಿ ಕೇಳುವವನು ಅರ್ಥವನ್ನು ತಿಳಿದುಕೊಳ್ಳುವನು. ಅದೇ ಮಾತನ್ನು ನ್ಯಾಯಪೀಠದ ಮೇಲೆ ಕೂರಿಸುವಾಗ ಮಾತ್ರ ಅದರ ಮುಚ್ಚಳವನ್ನು ತೆರೆದು ಒಳಗೇನಿದೆಯೆಂದು ನೋಡಬೇಕು. ತಕ್ಕನೂ ಠಕ್ಕನೂ ಒಂದೇ ಕಾಗುಣಿತದಲ್ಲಿ ಬರೆಯಲ್ಪಡುವ ಪ್ರಪಂಚದಲ್ಲಿ, ಹೆಸರನ್ನು ಕೇಳಿ ಮನುಷ್ಯನನ್ನು ನಿರ್ಣಯಿಸುವವನು ತನಗರಿಯದಂತೆ ತಾನೇ ಠಕ್ಕಿಗೆ ಒಳಗಾಗುವನು.